ಲಿವರ್ ಜಾಕೆಟ್ ಹಾಕಿಕೊಂಡು ಒಂದು ಸೀಸನ್ ಕಳೆದ ಮೇಲೆ

ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಿಸುವುದು ನನ್ನ ಕೆಲಸ. ಮಳೆಗಾಲ ಮುಗಿದ ಮೇಲೆ ಶುರುವಾದರೆ ಮೇ ತನಕ, ಮುರುಡೇಶ್ವರದಿಂದ ಬೋಟಲ್ಲಿ ಒಂದು, ಒಂದೂವರೆ ಗಂಟೆ ಹೋಗಿ, ದಿನಕ್ಕೆ ಎರಡು ಡೈವ್. ಪ್ರತಿ ಸೀಸನ್‌ನಲ್ಲೂ ಯಾರಾದರೂ ಒಬ್ಬರು ಕೇಳುತ್ತಾರೆ: ಈಗ ಹೊಸ ತರಹದ ಬಿಸಿಡಿ ಬಂದಿದೆಯಂತಲ್ಲ, ಅದನ್ನು ತಗೊಂಡರೆ ಬಯನ್ಸಿ ಸರಿಹೋಗುತ್ತದಾ? ಬಿಸಿಡಿ ಅಂದರೆ ಗಾಳಿ ತುಂಬಿ, ಬಿಟ್ಟು ತೇಲುವುದನ್ನು ಹೊಂದಿಸಿಕೊಳ್ಳುವ ಜಾಕೆಟ್; ಬಯನ್ಸಿ ಅಂದರೆ ಮುಳುಗದೆ, ಮೇಲೇಳದೆ ನೀರಲ್ಲಿ ಸಮವಾಗಿ ನಿಲ್ಲುವುದು. ಕೇಳುವವರ ಕಷ್ಟ ನನಗೆ ಗೊತ್ತು. ಕೋರ್ಸ್ ಮುಗಿಸಿ ಇಪ್ಪತ್ತು ಡೈವ್ ಆದರೂ ನೀರಲ್ಲಿ ಒಂದು ಮಟ್ಟದಲ್ಲಿ ನಿಲ್ಲಲು ಆಗುತ್ತಿಲ್ಲ ಅಂದರೆ ಯಾರಿಗಾದರೂ ಬೇಜಾರಾಗುತ್ತದೆ, ಅಲ್ವಾ? ನಾನೂ ಅದೇ ಬೇಜಾರಿನಲ್ಲಿ ದುಡ್ಡು ಕೂಡಿಸಿ, ಬಟನ್ ಬದಲು ಲಿವರ್ (ಹಿಡಿಕೆ) ಇರುವ ಜಾಕೆಟ್ ತಗೊಂಡಿದ್ದೆ.

ಮಾಮೂಲಿ ಬಿಸಿಡಿಯಲ್ಲಿ ಎಡ ಹೆಗಲ ಮೇಲಿಂದ ಒಂದು ಸುಕ್ಕುಸುಕ್ಕಾದ ಪೈಪ್ ಇಳಿದಿರುತ್ತದೆ. ಅದರ ತುದಿಯಲ್ಲಿ ಎರಡು ಬಟನ್. ಒಂದು ಒತ್ತಿದರೆ ಗಾಳಿ ತುಂಬುತ್ತದೆ, ಇನ್ನೊಂದು ಒತ್ತಿದರೆ ಹೊರಗೆ ಹೋಗುತ್ತದೆ. ಗಾಳಿ ಬಿಡಬೇಕು ಅಂದರೆ ಪೈಪನ್ನು ಮೇಲಕ್ಕೆ ಎತ್ತಿ ಹಿಡಿಯಬೇಕು, ಇಲ್ಲ ಅಂದರೆ ಗಾಳಿ ಜಾಕೆಟ್ ಒಳಗೇ ಉಳಿಯುತ್ತದೆ. ಲಿವರ್ ಜಾಕೆಟ್‌ನಲ್ಲಿ ಆ ಪೈಪೇ ಇಲ್ಲ. ಎಡ ಸೊಂಟದ ಹತ್ತಿರ ಒಂದು ಲಿವರ್, ಮೇಲಕ್ಕೆತ್ತಿದರೆ ಗಾಳಿ ಒಳಗೆ, ಕೆಳಗೆ ಒತ್ತಿದರೆ ಮೇಲಿನ ಕೆಳಗಿನ ವಾಲ್ವ್‌ಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವೆ. ತಲೆ ಕೆಳಗಾಗಿದ್ದರೂ ಗಾಳಿ ಹೋಗುತ್ತದೆ. ಇದು ನಿಜವಾಗಿಯೂ ಚೆನ್ನಾಗಿದೆ. ಮೊದಲ ಹತ್ತು ಡೈವ್ ನಾನು ತುಂಬಾ ಖುಷಿಯಲ್ಲಿದ್ದೆ.

ಆಮೇಲೆ ಒಂದು ದಿನ, ಸುಮಾರು 12 ಮೀಟರ್ ಆಳದಲ್ಲಿ, ಹೊಸ ಗೆಸ್ಟ್ ಒಬ್ಬರಿಗೆ ಮಾಸ್ಕ್‌ಗೆ ನೀರು ನುಗ್ಗಿ ಗಾಬರಿಯಾಯಿತು. ಅವರ ಎರಡೂ ತೋಳು ಹಿಡಿದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಸಮಾಧಾನ ಮಾಡುತ್ತಿದ್ದೆ. ಇಬ್ಬರೂ ನಿಧಾನಕ್ಕೆ ಮೇಲೇಳುತ್ತಿದ್ದೆವು, ಜಾಕೆಟ್‌ನ ಗಾಳಿ ಬಿಡಬೇಕಿತ್ತು, ಆದರೆ ನನ್ನ ಕೈ ಖಾಲಿ ಇರಲಿಲ್ಲ. ನನ್ನ ಜೊತೆ ಬಂದಿದ್ದ ಡೈವ್ ಮಾಸ್ಟರ್ ಹುಡುಗ ಅದನ್ನು ನೋಡಿ, ನನ್ನ ಜಾಕೆಟ್‌ನ ಗಾಳಿ ಬಿಡಲು ಎಡ ಹೆಗಲಿಗೆ ಕೈ ಹಾಕಿದ. ಅಲ್ಲಿ ಪೈಪ್ ಇಲ್ಲ. ಅವನ ಬೆರಳುಗಳು ನನ್ನ ಹೆಗಲ ಪಟ್ಟಿಯ ಮೇಲೆ ಮೇಲೆ ಕೆಳಗೆ ಹುಡುಕುತ್ತಿದ್ದದ್ದು ಇವತ್ತಿಗೂ ನೆನಪಿದೆ. ಎರಡು ಮೂರು ಸೆಕೆಂಡ್ ಇರಬಹುದು. ನಾನೇ ಒಂದು ಕೈ ಬಿಟ್ಟು ಲಿವರ್ ಒತ್ತಿದೆ, ಏನೂ ಆಗಲಿಲ್ಲ, ಎಲ್ಲರೂ ಸರಿಯಾಗಿ ಮೇಲೆ ಬಂದೆವು. ತಪ್ಪು ನನ್ನದೇ. ಬೋಟಲ್ಲಿ ಅವನಿಗೆ ಮೊದಲೇ ತೋರಿಸಬೇಕಿತ್ತು. ಆದರೆ ದಿನಾ ಬೇರೆ ಬೇರೆ ಜನರ ಜೊತೆ ಇಳಿಯುವ ಕಡೆ ಎಷ್ಟು ಜನಕ್ಕೆ ತೋರಿಸುತ್ತೀರಿ? ಪ್ರಪಂಚದಲ್ಲಿ ಎಲ್ಲೇ ಕಲಿತವರಿಗೂ ಕೈ ಹೋಗುವುದು ಎಡ ಹೆಗಲಿಗೇ.

ಆ ಸೀಸನ್ ಮುಗಿಯುವಷ್ಟರಲ್ಲಿ ನನಗೆ ಇನ್ನೊಂದು ವಿಷಯ ಅರ್ಥವಾಯಿತು. ಲಿವರ್‌ನಿಂದ ನನ್ನ ಬಯನ್ಸಿ ಒಂಚೂರೂ ಸುಧಾರಿಸಿರಲಿಲ್ಲ. ಗಾಳಿ ತುಂಬುವುದು, ಬಿಡುವುದು ಸುಲಭವಾಗಿತ್ತು ಅಷ್ಟೇ. ಮುಳುಗಲು ನಾನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಸೀಸದ ತೂಕವೇ ಜಾಸ್ತಿ ಇತ್ತು.

ಇದನ್ನು ಸ್ವಲ್ಪ ಲೆಕ್ಕ ಹಾಕಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಹೊಸ ತಂತ್ರಜ್ಞಾನಗಳೆಲ್ಲ ಏನು ಮಾಡಲು ಹೊರಟಿವೆ ಅನ್ನುವುದು ತಿಳಿಯುತ್ತದೆ. ನಾವು ಹೊರುವ 11 ಲೀಟರ್ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಆ ಗಾಳಿಯ ತೂಕವೇ ಎರಡೂವರೆ ಕೆಜಿ ಮೇಲೆ. ಡೈವ್ ಮುಗಿಯುವಾಗ 50 ಬಾರ್ ಉಳಿದಿರುತ್ತದೆ, ಅಂದರೆ ಎರಡು ಕೆಜಿಯಷ್ಟು ಉಸಿರಾಡಿ ಮುಗಿಸಿರುತ್ತೇವೆ. ಕೊನೆಗೆ, ಮೇಲೆ ಬರುವ ಮುಂಚೆ, ಸುರಕ್ಷತೆಗೆ ಅಂತ 5 ಮೀಟರಲ್ಲಿ ಮೂರು ನಿಮಿಷ ನಿಲ್ಲುವಾಗ ತೇಲಿ ಹೋಗಬಾರದು ಅಂದರೆ, ಶುರುವಿನಿಂದಲೇ ಆ ಎರಡು ಕೆಜಿಗೆ ಬೇಕಾದ ಸೀಸ ಸೊಂಟದಲ್ಲಿರಬೇಕು. ಶುರುವಿನಲ್ಲಿ ಅದು ಹೆಚ್ಚಾಗುತ್ತದೆ, ಅದಕ್ಕೆ ಸರಿದೂಗಲು ಜಾಕೆಟ್‌ಗೆ ಗಾಳಿ ತುಂಬುತ್ತೇವೆ. ಆ ಗಾಳಿ ಸುಮ್ನೆ ಇರುವುದಿಲ್ಲ. 20 ಮೀಟರಲ್ಲಿ 2 ಲೀಟರ್ ಇದ್ದದ್ದು, ಬಿಡದೆ ಹಾಗೇ ಮೇಲೆ ಬಂದರೆ 5 ಮೀಟರಿಗೆ 4 ಲೀಟರ್ ಆಗಿರುತ್ತದೆ. ಮೇಲೆ ಹೋದಷ್ಟೂ ಮೇಲಕ್ಕೆ ಎಳೆಯುತ್ತದೆ, ಕೆಳಗೆ ಹೋದಷ್ಟೂ ಕೈ ಬಿಡುತ್ತದೆ. ಹೊಸಬರು ಇಡೀ ಡೈವ್ ಬಟನ್ ಒತ್ತುತ್ತಲೇ ಇರುವುದು ಇದಕ್ಕೇ.

ನಾನು ಮಾಡಿದ್ದು ಇಷ್ಟೇ. ಲಿವರ್ ಜಾಕೆಟ್ ಬದಿಗಿಟ್ಟು, ಬೆನ್ನಿಗೆ ಕಟ್ಟುವ ಸ್ಟೀಲ್ ಬ್ಯಾಕ್‌ಪ್ಲೇಟ್ ಮತ್ತು ಅದರ ಹಿಂದೆ ಗಾಳಿ ತುಂಬುವ ಚೀಲ, ಅಂದರೆ ವಿಂಗ್, ತಗೊಂಡೆ, ಅದರಲ್ಲಿ ಮತ್ತೆ ಅದೇ ಹಳೇ ಪೈಪ್. ಡೈವ್ ಮುಗಿದ ಮೇಲೆ, 50 ಬಾರ್ ಉಳಿದಿರುವಾಗ, ಬೋಟ್ ಪಕ್ಕದಲ್ಲೇ ವಿಂಗ್ ಖಾಲಿ ಮಾಡಿ ನಿಂತು ನೋಡುತ್ತಿದ್ದೆ. ಮಾಮೂಲಿ ಉಸಿರು ಹಿಡಿದಾಗ ನೀರಿನ ಮಟ್ಟ ಕಣ್ಣಿನ ನೇರಕ್ಕಿರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಇಳಿಯಬೇಕು. ಉಸಿರು ಹಿಡಿದಿರುವಾಗಲೇ ಮುಳುಗಿದರೆ ಮುಂದಿನ ಡೈವ್‌ಗೆ ಒಂದು ಕೆಜಿ ಕಮ್ಮಿ. ಹೀಗೆ ಮಾಡುತ್ತಾ 3 ಎಂಎಂ ಸೂಟ್‌ನಲ್ಲಿ 6 ಕೆಜಿ ಕಟ್ಟುತ್ತಿದ್ದವನು 2 ಕೆಜಿಗೆ ಬಂದೆ. ಪ್ಲೇಟೇ ಎರಡೂವರೆ ಕೆಜಿ ಇದೆ, ಅದನ್ನು ಸೇರಿಸಿದರೂ ಒಟ್ಟು ಕಮ್ಮಿಯೇ. ಈಗ ಒಂದು ಡೈವ್‌ನಲ್ಲಿ ಗಾಳಿಯ ಬಟನ್ ಮುಟ್ಟುವುದು ಮೂರೋ ನಾಲ್ಕೋ ಸಲ, ಉಳಿದದ್ದೆಲ್ಲ ಉಸಿರಲ್ಲೇ.

ಹಾಗಂತ ಹೊಸದು ಬೇಡ ಅನ್ನುವವನು ನಾನಲ್ಲ. ಅವೆಲೋ ಅಂತ ಒಂದು ವ್ಯವಸ್ಥೆ ಇದೆ, ಹವಾಯಿಯಲ್ಲಿ ಶುರುವಾದದ್ದು. ನಾನು ಇನ್ನೂ ಹಾಕಿಕೊಂಡು ಇಳಿದಿಲ್ಲ, ಆದರೆ ಅದರ ಹಿಂದಿನ ಯೋಚನೆ ನನಗೆ ಬಹಳ ಹಿಡಿಸಿದೆ. ಜಾಕೆಟ್‌ಗೆ ಗಾಳಿ ತುಂಬುವ ಬದಲು, ಬ್ಯಾಟರಿ ಪಂಪ್‌ನಿಂದ ಸಿಲಿಂಡರ್ ಒಳಗೇ ಸಮುದ್ರದ ನೀರು ತಳ್ಳುತ್ತಾರೆ. ಒಳಗೆ ಒಂದು ಚೀಲ ಇದ್ದು ನೀರು, ಗಾಳಿ ಬೇರೆ ಬೇರೆ ಇರುತ್ತವೆ. ಉಸಿರಾಡಿದಷ್ಟು ಸಿಲಿಂಡರ್ ಹಗುರಾಗುತ್ತದೆ, ಅಷ್ಟು ನೀರು ಸೇರಿಸಿದರೆ ಮತ್ತೆ ಸಮ. ಆಳ ಬದಲಾದರೂ ಹಿಗ್ಗುವ ಕುಗ್ಗುವ ಗಾಳಿಚೀಲ ಬೆನ್ನಲ್ಲಿ ಇಲ್ಲ. ಕಾಯಿಲೆಗೆ ನೇರವಾಗಿ ಔಷಧಿ ಕೊಟ್ಟ ಹಾಗೆ ಅನಿಸಿತು ನನಗೆ.

ಇದರ ವಿಡಿಯೋವನ್ನು ನಮ್ಮ ಬೋಟ್ ನಡೆಸುವ ತಾಂಡೇಲರಿಗೆ ತೋರಿಸಿದೆ. ಪೂರ್ತಿ ನೋಡಿ ಒಂದೇ ಮಾತು ಕೇಳಿದರು: "ಚಂದ ಉಂಟು. ಇದನ್ನ ತುಂಬ್ಸೂದು ಎಲ್ಲಿ?" ಆ ಸಿಲಿಂಡರ್‌ಗೆ 300 ಬಾರ್ ಬೇಕು. ನಮ್ಮ ಕಂಪ್ರೆಸರ್ 200 ಬಾರ್‌ಗೆ ಹೊಂದಿಸಿಟ್ಟದ್ದು, ನಮ್ಮಲ್ಲಿರುವ ಸಿಲಿಂಡರ್‌ಗಳೂ ಅದಕ್ಕೆ ತಕ್ಕಂತೆಯೇ. ಮೇಲಿಂದ ಬ್ಯಾಟರಿ ಚಾರ್ಜ್ ಆಗಬೇಕು, ಹಾಕಿಕೊಳ್ಳುವವರಿಗೆ ಬೇರೆ ಕೋರ್ಸ್ ಆಗಬೇಕು, ಉಪ್ಪುನೀರಲ್ಲಿ ಪಂಪ್ ಕೆಟ್ಟರೆ ಹೊನ್ನಾವರದಲ್ಲೋ ಭಟ್ಕಳದಲ್ಲೋ ರಿಪೇರಿ ಮಾಡುವವರು ಬೇಕು. ಬಾಡಿಗೆಗೆ ಗೇರ್ ಕೊಡುವ ಅಂಗಡಿಗೆ ಇದರಲ್ಲಿ ಏನು ಸಿಗುತ್ತದೆ ಹೇಳಿ.

ಯಾವ ಹೊಸದು ಹರಡುತ್ತದೆ ಅನ್ನುವುದಕ್ಕೆ ಡೈವ್ ಕಂಪ್ಯೂಟರ್ ನೋಡಿ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಲೆಕ್ಕ ಹಾಕಿ ತೋರಿಸುವ ಸಾಧನ. 1983ರಲ್ಲಿ ಓರ್ಕಾ ಎಡ್ಜ್ ಅನ್ನುವ ಕಂಪ್ಯೂಟರ್ ಬಂತು. ಮೊದಮೊದಲು ಟೇಬಲ್ ನೋಡಿ ಲೆಕ್ಕ ಹಾಕುವವರಿಗೆ ಇಂಥವುಗಳ ಮೇಲೆ ನಂಬಿಕೆ ಇರಲಿಲ್ಲ, ಈಗ ಅದಿಲ್ಲದೆ ನಾನು ಯಾರನ್ನೂ ಇಳಿಸುವುದಿಲ್ಲ. ಅದು ಹರಡಿದ್ದು ಯಾಕೆಂದರೆ ಕೈಗೆ ಕಟ್ಟಿಕೊಂಡರೆ ಮುಗಿಯಿತು. ಬೋಟ್, ಕಂಪ್ರೆಸರ್, ಜೊತೆಗಾರ ಯಾರೂ ಬದಲಾಗಬೇಕಿಲ್ಲ. 70ರ ದಶಕದಲ್ಲಿ ಡಾಕೋರ್ ಕಂಪನಿ ನಾಟಿಲಸ್ ಅಂತ ಗಟ್ಟಿ ಚಿಪ್ಪಿನ ಬಿಸಿಡಿ ತಂದಿತ್ತು, ಅದರಲ್ಲೂ ಆಳ ಬದಲಾದರೆ ಗಾಳಿಯ ಗಾತ್ರ ಬದಲಾಗುತ್ತಿರಲಿಲ್ಲ. ಯೋಚನೆ ಒಳ್ಳೆಯದೇ ಇತ್ತು, ಆದರೆ ನಿಲ್ಲಲಿಲ್ಲ. ಅದೇ ದಶಕದಲ್ಲಿ ಸ್ಕೂಬಾಪ್ರೋ ಕಂಪನಿ ತಂದ, ಮೈಗೆ ಹಾಕಿಕೊಳ್ಳುವ ಸ್ಟ್ಯಾಬ್ ಜಾಕೆಟ್‌ನ ಆಕಾರವೇ ಇವತ್ತಿಗೂ ನಮ್ಮ ಗೆಸ್ಟ್‌ಗಳ ಮೈಮೇಲಿದೆ.

ಹಾಗಾಗಿ ಅವೆಲೋ ಥರದ್ದು ನೇತ್ರಾಣಿಗೆ ಬರಲು ಇನ್ನೂ ಬಹಳ ಕಾಲ ಬೇಕು ಅಂತ ನನ್ನ ಅಂದಾಜು. ಸ್ವಂತ ಗೇರ್ ಇಟ್ಟುಕೊಂಡು, ಒಂದೇ ಅಂಗಡಿಯಲ್ಲಿ ತುಂಬಿಸಿಕೊಂಡು, ಒಂದೇ ಜೊತೆಗಾರರ ಜೊತೆ ವರ್ಷವಿಡೀ ಇಳಿಯುವವರು ಮೊದಲು ಹಿಡಿಯುತ್ತಾರೆ. ನಮ್ಮಲ್ಲಿಗೆ ಯಾರಾದರೂ ತಂದರೆ, ಮೊದಲು ನನಗೊಂದು ಡೈವ್ ಕೊಡಿ ಅಂತ ಖಂಡಿತ ಕೇಳುತ್ತೇನೆ.

ಈ ಸೀಸನ್‌ನಲ್ಲಿ ನಾನು ಒಂದು ಬದಲಾವಣೆ ಮಾಡಿದ್ದೇನೆ. ಸರ್ಟಿಫೈಡ್ ಡೈವರ್ ಯಾರೇ ಬಂದರೂ ಮೊದಲ ಡೈವ್ ಮುಗಿದ ಕೂಡಲೇ ಏಣಿ ಹತ್ತಲು ಬಿಡುವುದಿಲ್ಲ. ಹಗ್ಗ ಹಿಡಿಸಿ, ಜಾಕೆಟ್ ಖಾಲಿ ಮಾಡಿಸಿ, ಕಣ್ಣಿನ ಮಟ್ಟ ನೋಡುತ್ತೇನೆ. ಬೆಲ್ಟಿಂದ ತೆಗೆದ ಸೀಸವನ್ನು ಬೋಟಿನ ಹಿಂಬದಿಯ ನೀಲಿ ಕ್ರೇಟ್‌ಗೆ ಹಾಕುತ್ತೇವೆ. ಕಳೆದ ಭಾನುವಾರ ವಾಪಸ್ ಬರುವಾಗ ಆ ಕ್ರೇಟ್ ಎತ್ತಲು ಇಬ್ಬರು ಬೇಕಾದರು.