ಮಣಿಕಟ್ಟು ಮುರಿದವರು ಕೈಬಂದೂಕನ್ನು ಆರಿಸುವ ಮತ್ತು ಬಳಸುವ ಬಗೆ

ಮಂಡ್ಯದ ಕಡೆ ಬಂದೂಕಿನ ಪರವಾನಗಿ ಎಂದರೆ ಬಹುಮಟ್ಟಿಗೆ ಕಾಡುಹಂದಿಯ ಕಾಟಕ್ಕೆ ಬೇಸತ್ತು ಬೆಳೆ ರಕ್ಷಣೆಗೆಂದು ಪಡೆದ ತೋಟಾ ಕೋವಿಯದೇ ಆಗಿರುತ್ತದೆ. ಬೆಲ್ಲದ ವ್ಯಾಪಾರದ ಹಣ ಹೊತ್ತು ಓಡಾಡುವ ನನ್ನಂಥ ಕೆಲವರ ಬಳಿ ಮಾತ್ರ ಆತ್ಮರಕ್ಷಣೆಯ ಕೈಬಂದೂಕು ಇದೆ. ಆಲೆಮನೆಯ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ ಮೇಲೆ, ಹತ್ತು ವರ್ಷ ಸೊಂಟದಲ್ಲಿದ್ದ ಪಿಸ್ತೂಲು ನನಗೆ ಒಮ್ಮೆಲೇ ಪರರ ವಸ್ತುವಿನಂತಾಯಿತು.

ಪ್ಲಾಸ್ಟರ್ ಇರುವಷ್ಟು ದಿನ ಬಂದೂಕನ್ನು ಕಟ್ಟಿಕೊಳ್ಳಲೇಬಾರದು. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಹೋಲ್‌ಸ್ಟರ್‌ನಂಥ ಚೀಲದೊಳಗೆ ಪೂರ್ತಿ ಮುಚ್ಚಿರಬೇಕು, ಜೊತೆಗೆ ಹೊತ್ತವನಿಗೆ ಅದರ ಮೇಲೆ ಪರಿಣಾಮಕಾರಿ ಹಿಡಿತವೂ ಇರಬೇಕು. ಪ್ಲಾಸ್ಟರ್ ಹಾಕಿದ ಕೈಗೆ ಆ ಹಿಡಿತ ಎಲ್ಲಿಂದ ಬರಬೇಕು? ಸಾಮಾನ್ಯವಾಗಿ ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚುತ್ತಾರಾದರೂ ಮುಷ್ಟಿಯ ಬಲ ಮರಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಆಯುಧವನ್ನು ಖಾಲಿ ಮಾಡಿ, ತೋಟಾಗಳನ್ನು ಬೇರೆಡೆ ಇಟ್ಟು, ಬೀಗ ಹಾಕಿಡಿ. ಇಲ್ಲವೇ ಸುರಕ್ಷಿತ ಪಾಲನೆಗೆ ಪರವಾನಗಿ ಇರುವ ಬಂದೂಕಿನ ಅಂಗಡಿಯಲ್ಲಿಟ್ಟು ರಸೀದಿ ಪಡೆಯಿರಿ. ನಾಲ್ಕು ದಿನ ಎಡಗೈಯಲ್ಲಿ ನಿಭಾಯಿಸೋಣ ಎಂಬ ಆಲೋಚನೆ ನನಗೂ ಬಂದಿತ್ತು. ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗಿದ ದಿನವೇ ಅದನ್ನು ಬಿಟ್ಟೆ.

ಪ್ಲಾಸ್ಟರ್ ಬಿಚ್ಚಿ ವೈದ್ಯರು ಭಾರ ಎತ್ತಲು ಒಪ್ಪಿದ ಮೇಲೆ, ನಾನು ನನಗೇ ಇಟ್ಟುಕೊಂಡ ಪರೀಕ್ಷೆ ಒದ್ದೆ ಪಂಚೆ ಹಿಂಡುವುದು. ನೋವಿಲ್ಲದೆ ಪಂಚೆಯನ್ನು ಬಿಗಿಯಾಗಿ ಹಿಂಡಲಾಗದ ಕೈ ಪಿಸ್ತೂಲಿನ ಸ್ಲೈಡನ್ನು, ಅಂದರೆ ಹಿಂದೆ ಮುಂದೆ ಸರಿಯುವ ಮೇಲ್ಭಾಗವನ್ನು, ಎಳೆಯಲು ಹೋಗಬಾರದು. ನಮಗೆ ಸುಲಭವಾಗಿ ಸಿಗುವ .32 ಬೋರ್ ಪಿಸ್ತೂಲುಗಳಲ್ಲಿ ಸ್ಲೈಡನ್ನು ತಡೆಹಿಡಿಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಆದ್ದರಿಂದ ಬಂದೂಕು ಚಿಕ್ಕದಾದರೂ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಇನ್ನೊಂದು ತೊಡಕೂ ಇದೆ: ಗುಂಡು ಹಾರಿದಾಗ ಮಣಿಕಟ್ಟು ಗಟ್ಟಿಯಾಗಿ ನಿಲ್ಲದೆ ಬಾಗಿಬಿಟ್ಟರೆ ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟಾ ಹೊರಬೀಳುವ ಕಂಡಿಯಲ್ಲೇ ಸಿಕ್ಕಿಕೊಳ್ಳಬಹುದು.

ಈ ಕಾರಣಕ್ಕೆ ನಾನು, ಸ್ಲೈಡ್ ಇಲ್ಲದೆ ತಿರುಗುವ ಸಿಲಿಂಡರ್‌ನ ಗೂಡುಗಳಲ್ಲಿ ತೋಟಾ ತುಂಬುವ ರಿವಾಲ್ವರ್ ಪರ. ಆದರೆ ಅದೂ ಕಣ್ಣುಮುಚ್ಚಿ ಕೊಳ್ಳುವಂಥದ್ದಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ನಡುವೆ ಮಡಚಿ ತೆರೆಯುವಂಥದ್ದು. ಹೆಬ್ಬೆರಳಿನಿಂದ ಚಿಲಕ ಒತ್ತಿ, ಇನ್ನೊಂದು ಕೈಯಲ್ಲಿ ನಳಿಕೆಯನ್ನು ಕೆಳಕ್ಕೆ ಬಾಗಿಸಬೇಕು. ಮಣಿಕಟ್ಟಿನ ಪೆಟ್ಟು ಹೆಬ್ಬೆರಳನ್ನೂ ಸೊರಗಿಸಿರುವುದರಿಂದ, ಖಾಲಿ ಆಯುಧದಲ್ಲಿ ಆ ಚಿಲಕವನ್ನು ಹತ್ತು ಬಾರಿ ತೆರೆದು ಮುಚ್ಚಿ ನೋಡದೆ ಹಣ ಕೊಡಬೇಡಿ. ಸುತ್ತಿಗೆಯನ್ನು, ಅಂದರೆ ಬಂದೂಕಿನ ಹಿಂಬದಿಯ ಹ್ಯಾಮರನ್ನು, ಏರಿಸದೆ ಎಳೆಯುವಾಗ ರಿವಾಲ್ವರ್‌ನ ಟ್ರಿಗರ್ ಭಾರ. ಎಳೆಯುವಾಗ ನಳಿಕೆಯ ತುದಿ ನಡುಗಿದರೆ ಕೈಗೆ ಇನ್ನೂ ವ್ಯಾಯಾಮ ಬೇಕೆಂದೇ ಅರ್ಥ. ಹಾಗೆಂದು ಸುತ್ತಿಗೆ ಏರಿಸಿಟ್ಟು ಸೊಂಟಕ್ಕೆ ಕಟ್ಟಿಕೊಳ್ಳುವುದು ಆತ್ಮಹತ್ಯೆಗೆ ಸಮ. ತೂಕದ ವಿಷಯದಲ್ಲಿ ಹಲವರು ಎಡವುತ್ತಾರೆ: 2014ರಲ್ಲಿ ಹೊರಬಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು 500 ಗ್ರಾಂ ಇದ್ದು ಹೊರಲು ಹಗುರ, ಆದರೆ ಅದೇ ತೋಟಾಕ್ಕೆ ಹಗುರವಾದ ಬಂದೂಕೇ ಕೈಯನ್ನು ಹೆಚ್ಚು ಒದೆಯುತ್ತದೆ. ತುಸು ಭಾರವಾದ, ಅಂಗೈ ತುಂಬುವ ರಬ್ಬರ್ ಹಿಡಿಯುಳ್ಳದ್ದನ್ನೇ ಆರಿಸಿ. ಇದ್ದದ್ದನ್ನು ಮಾರಿ ಬದಲಿಸುವುದಾದರೆ ಮೊದಲು ಪರವಾನಗಿ ಪ್ರಾಧಿಕಾರದ ಅನುಮತಿ ಬೇಕು. ಮಂಡ್ಯದಲ್ಲಿ ಅದು ಜಿಲ್ಲಾಧಿಕಾರಿ, ಮೈಸೂರು ನಗರದಲ್ಲಿ ಪೊಲೀಸ್ ಆಯುಕ್ತರು.

ಹಿಡಿಯುವಾಗ ನಳಿಕೆ ಮತ್ತು ಮುಂಗೈ ಒಂದೇ ಗೆರೆಯಲ್ಲಿರಲಿ. ಮಣಿಕಟ್ಟು ಬದಿಗೆ ಓರೆಯಾದರೆ ಒದೆತವೆಲ್ಲ ಮುರಿದ ಜಾಗಕ್ಕೇ ತಾಗುತ್ತದೆ. ಗುರಿಯಿಡುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಬೇಕು, ಇನ್ನೊಂದು ಕೈ ಮುಷ್ಟಿಗೆ ಆಸರೆಯಾಗಬೇಕು. ಮನೆಯ ಅಭ್ಯಾಸಕ್ಕೆ, ಸಿಲಿಂಡರ್‌ನ ಪ್ರತಿ ಗೂಡನ್ನೂ ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿದ ಮೇಲೆ ಮದ್ದಿಲ್ಲದ ಡಮ್ಮಿ ತೋಟಾ ಮಾತ್ರ ಬಳಸಿ. ಹೆಬ್ಬೆರಳು, ತೋರುಬೆರಳು ಜೋಮು ಹಿಡಿದರೆ ಅಂದು ಅಷ್ಟಕ್ಕೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಮಂಪರು ತರಿಸುವ ನೋವಿನ ಮಾತ್ರೆ ನುಂಗಿದ ದಿನ ಬೀಗವನ್ನೇ ತೆರೆಯಬೇಡಿ.

ನಿಜವಾದ ಗುಂಡು ಹಾರಿಸುವುದು ಮಾನ್ಯತೆ ಪಡೆದ ರೇಂಜ್‌ನಲ್ಲಿ, ತರಬೇತುದಾರರ ಎದುರಿನಲ್ಲಿ ಮಾತ್ರ. ಅದೂ ಮೊದಲ ದಿನ ಆರಕ್ಕಿಂತ ಹೆಚ್ಚು ಬೇಡ. ಮರುದಿನ ಬೆಳಿಗ್ಗೆ ಪಂಚೆ ಹಿಂಡುವಾಗ ನೋವು ಮರಳಿದ್ದರೆ, ಬಂದೂಕನ್ನು ಮತ್ತೆ ಬೀರುವಿನಲ್ಲಿಟ್ಟು ಎರಡು ವಾರ ಬಿಟ್ಟು ನೋಡಿ.