ಕೆನಡಾದ ಮನೆಗೆ ಎಚ್‌ಆರ್‌ವಿ ಒಳ್ಳೆಯದೋ ಇಆರ್‌ವಿ ಒಳ್ಳೆಯದೋ?

ಕೆನಡಾದಲ್ಲಿ ಮೊದಲ ಬಾರಿಗೆ ಸ್ವಂತ ಮನೆ ಕೊಳ್ಳುವ ಕನ್ನಡಿಗರು ಫರ್ನೇಸು ಎಷ್ಟು ಹಳೆಯದು, ಚಾವಣಿ ಇನ್ನೆಷ್ಟು ವರ್ಷ ಬಾಳುತ್ತದೆ ಎಂದು ಹತ್ತು ಜನರನ್ನು ವಿಚಾರಿಸುತ್ತಾರೆ. ಆದರೆ ಬೇಸ್‌ಮೆಂಟಿನ ಮೂಲೆಯಲ್ಲಿ ನಾಲ್ಕು ದಪ್ಪ ಕೊಳವೆಗಳನ್ನು ಹೊತ್ತು ತೂಗುವ ಪೆಟ್ಟಿಗೆಯ ಬಗ್ಗೆ ಕೇಳುವವರು ವಿರಳ. ನಮ್ಮ ಊರಿನ ಮನೆಗಳಲ್ಲಿ ಹೆಂಚಿನ ಸಂದು, ಒಳಾಂಗಳದ ತೊಟ್ಟಿ, ಸದಾ ತೆರೆದಿರುವ ಕಿಟಕಿಗಳು ಗಾಳಿಯ ಕೆಲಸವನ್ನು ತಾವೇ ನೋಡಿಕೊಳ್ಳುತ್ತಿದ್ದವು. ಇಲ್ಲಿ ಶಾಖ ಸೋರಬಾರದೆಂದು ಗೋಡೆಯೊಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಪ್ರತಿ ಸಂದನ್ನೂ ಮುಚ್ಚುವುದರಿಂದ ಉಸಿರು, ಸ್ನಾನ, ಅಡುಗೆಗಳಿಂದ ಹುಟ್ಟುವ ತೇವ ಹೊರಗೆ ಹೋಗಲು ದಾರಿ ಸಿಗುವುದಿಲ್ಲ. ಆ ದಾರಿ ಒದಗಿಸುವುದೇ ಈ ಪೆಟ್ಟಿಗೆಯ ಕೆಲಸ. ಇದರಲ್ಲಿ ಎರಡು ಬಗೆ: ಎಚ್‌ಆರ್‌ವಿ (ಹೀಟ್ ರಿಕವರಿ ವೆಂಟಿಲೇಟರ್) ಮತ್ತು ಇಆರ್‌ವಿ (ಎನರ್ಜಿ ರಿಕವರಿ ವೆಂಟಿಲೇಟರ್).

ಪೆಟ್ಟಿಗೆಯ ಒಳಗಿರುವ ಒಂದು ಫ್ಯಾನು ಸ್ನಾನಗೃಹ, ಅಡುಗೆಮನೆಗಳ ಹಳಸಿದ ಗಾಳಿಯನ್ನು ಹೊರಗೆ ತಳ್ಳುತ್ತದೆ, ಇನ್ನೊಂದು ಹೊರಗಿನ ಹೊಸ ಗಾಳಿಯನ್ನು ಒಳಗೆ ಎಳೆಯುತ್ತದೆ. ಎರಡೂ ಗಾಳಿಗಳು ಒಂದಕ್ಕೊಂದು ಬೆರೆಯದೆ, ನಡುವಿನ ‘ಕೋರ್’ ಎಂಬ ಭಾಗದ ತೆಳುವಾದ ಪದರಗಳ ಎರಡು ಬದಿಗಳಲ್ಲಿ ಹಾದುಹೋಗುವಾಗ ಶಾಖ ಕೈಬದಲಾಗುತ್ತದೆ. ಹೊರಗೆ ಮೈನಸ್ 25, ಒಳಗೆ 21 ಡಿಗ್ರಿ ಸೆಲ್ಸಿಯಸ್ ಇದ್ದು ಯಂತ್ರವು ಶೇ. 70ರಷ್ಟು ಶಾಖವನ್ನು ಉಳಿಸಿಕೊಟ್ಟರೆ, ಹೊಸ ಗಾಳಿ ಕೋಣೆಗೆ ಬರುವಾಗ ಸುಮಾರು 7 ಡಿಗ್ರಿ ಇರುತ್ತದೆ. ಉಳಿದದ್ದನ್ನು ಫರ್ನೇಸು ಬೆಚ್ಚಗಾಗಿಸಬೇಕು. ಈ ಪದ್ಧತಿ ಇಲ್ಲಿನ ಚಳಿಯಲ್ಲಿಯೇ ಬೆಳೆದದ್ದು: 1977ರಲ್ಲಿ ರೆಜೈನಾ ನಗರದಲ್ಲಿ ಕಟ್ಟಿದ ಸಸ್ಕಾಚೆವನ್ ಕನ್ಸರ್ವೇಶನ್ ಹೌಸ್‌ನಲ್ಲಿ ಇಂಥ ಸಾಧನವನ್ನು ಅಳವಡಿಸಲಾಗಿತ್ತು. ಒಂಟಾರಿಯೋದಲ್ಲಿ 2017ರಿಂದ ಈಚೆಗೆ ಕಟ್ಟಡ ಸಂಹಿತೆ ಇದನ್ನು ಹೊಸ ಮನೆಗಳಿಗೆ ಕಡ್ಡಾಯವಾಗಿಸಿದೆ.

ಎಚ್‌ಆರ್‌ವಿಯ ಕೋರ್ ಶಾಖವನ್ನಷ್ಟೇ ದಾಟಿಸಿದರೆ, ಇಆರ್‌ವಿಯ ಕೋರ್ ಶಾಖದ ಜೊತೆಗೆ ತೇವದ ಒಂದು ಭಾಗವನ್ನೂ ದಾಟಿಸುತ್ತದೆ. ಮೈನಸ್ 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರು ಸುಮಾರು 1 ಗ್ರಾಂ. 21 ಡಿಗ್ರಿಯ ಗಾಳಿ ಸುಮಾರು 18 ಗ್ರಾಂ ಹಿಡಿಯಬಲ್ಲದು. ಆದ್ದರಿಂದ ಹೊರಗಿನ ಗಾಳಿಯನ್ನು ಒಳಗೆ ತಂದು ಬೆಚ್ಚಗಾಗಿಸಿದಾಗ ಅದು ರಾಯಚೂರಿನ ಬೇಸಗೆಗಿಂತಲೂ ಒಣಗಿರುತ್ತದೆ. ಕ್ಯಾಲ್ಗರಿ, ಎಡ್ಮಂಟನ್‌ಗಳಂಥ ಒಣ ಊರಿನ ದೊಡ್ಡ ಮನೆಯಲ್ಲಿ ಇಬ್ಬರೇ ಇದ್ದರೆ, ಒಳಗಿನ ಅಲ್ಪ ತೇವವನ್ನೂ ಎಚ್‌ಆರ್‌ವಿ ಹೊರಗೆ ಸಾಗಿಸಿಬಿಡುವುದರಿಂದ ತುಟಿ ಒಡೆಯುವುದು, ಮೂಗಿನಲ್ಲಿ ರಕ್ತ ಬರುವುದು, ಮರದ ನೆಲ ಬಿರಿಯುವುದು ಸಾಮಾನ್ಯ; ಅಲ್ಲಿ ಇಆರ್‌ವಿ ನೆರವಾಗುತ್ತದೆ. ವ್ಯಾಂಕೂವರ್‌ನ ಚಳಿಗಾಲ ಮಳೆಯದ್ದು, ಮೆತ್ತಗಿನದು. ಒಳಗಿನ ತೇವವನ್ನು ಹೊರಹಾಕುವುದೇ ಅಲ್ಲಿ ಮುಖ್ಯವಾದ್ದರಿಂದ ಎಚ್‌ಆರ್‌ವಿ ಸಾಮಾನ್ಯವಾಗಿ ಹೊಂದುತ್ತದೆ. ಟೊರಾಂಟೊ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಚಳಿಗಾಲ ಒಣ, ಜುಲೈ ತಿಂಗಳು ಮಂಗಳೂರನ್ನು ನೆನಪಿಸುವಷ್ಟು ಜಿಗುಟು. ಆದ್ದರಿಂದ ಬೇಸಗೆಯಲ್ಲಿ ಎಸಿ ಹಾಕುವ ಮನೆಗಳಿಗೆ ಅಲ್ಲಿ ಇಆರ್‌ವಿಯನ್ನು ಶಿಫಾರಸು ಮಾಡುತ್ತಾರೆ. ಆದರೆ ಇಆರ್‌ವಿ ಬೇಸಗೆಯ ತೇವ ಒಳಬರುವುದನ್ನು ತಗ್ಗಿಸುತ್ತದೆಯೇ ಹೊರತು ಮನೆಯೊಳಗಿನ ತೇವವನ್ನು ಹೀರುವುದಿಲ್ಲ. ಅದು ಎಸಿಯ ಕೆಲಸ.

ಇಷ್ಟನ್ನು ಯಾವ ಮಾರಾಟಗಾರನಾದರೂ ಹೇಳುತ್ತಾನೆ. ಊರಿನ ಹವೆಯಷ್ಟೇ ಮನೆಯ ಅಡುಗೆ ಮತ್ತು ತಲೆಗಳ ಲೆಕ್ಕವೂ ಮುಖ್ಯ ಎಂಬುದನ್ನು ಮಾತ್ರ ಅವರು ಹೇಳುವುದು ಕಡಿಮೆ. ನಮ್ಮ ಮನೆಗಳಲ್ಲಿ ದಿನಕ್ಕೆ ಎರಡು ಹೊತ್ತು ಕುಕ್ಕರ್ ಕೂಗುತ್ತದೆ, ಸಾರು ಕುದಿಯುತ್ತದೆ, ಭಾನುವಾರ ಇಡ್ಲಿ ಹಬೆಯಲ್ಲಿ ಬೇಯುತ್ತದೆ. ಅಪ್ಪ ಅಮ್ಮ ಬಂದು ಆರು ತಿಂಗಳು ಉಳಿದರೆ ನಾಲ್ವರಿದ್ದ ಮನೆಯಲ್ಲಿ ಆರು ಜನರಾಗುತ್ತಾರೆ, ಎಲ್ಲರೂ ದಿನಕ್ಕೊಮ್ಮೆ ಬಿಸಿನೀರಿನ ಸ್ನಾನ ಮಾಡುತ್ತಾರೆ, ಸೀರೆ ಪಂಚೆಗಳು ಬೇಸ್‌ಮೆಂಟಿನ ಹಗ್ಗದ ಮೇಲೆ ಒಣಗುತ್ತವೆ. ಇಂಥ ಮನೆಗೆ, ಅದರಲ್ಲೂ ಅದು ಚಿಕ್ಕ ಟೌನ್‌ಹೌಸ್ ಆಗಿದ್ದರೆ, ಒಣ ಊರಿನಲ್ಲಿಯೂ ಎಚ್‌ಆರ್‌ವಿಯೇ ಸರಿಯಾದ ಆಯ್ಕೆಯಾಗಬಹುದು. ಚಳಿಗಾಲದಲ್ಲಿ ಒಳಗಿನ ಆರ್ದ್ರತೆ ಶೇ. 30ರ ಆಸುಪಾಸು, ಬೇಸಗೆಯಲ್ಲಿ ಶೇ. 50ರ ಒಳಗೆ ಇದ್ದರೆ ಒಳ್ಳೆಯದು. ಯಂತ್ರ ಕೊಳ್ಳುವ ಮೊದಲು ಆರ್ದ್ರತೆಮಾಪಕವೊಂದನ್ನು ತಂದು ಜನವರಿಯ ಎರಡು ವಾರ ಮಲಗುವ ಕೋಣೆಯಲ್ಲಿಟ್ಟು ಗಮನಿಸಿ. ಬೆಳಗ್ಗೆ ಕಿಟಕಿಯ ಗಾಜು ಬೆವರಿ ಕೆಳಗಿನ ಚೌಕಟ್ಟಿನಲ್ಲಿ ನೀರು ನಿಂತಿದ್ದರೆ, ಬೀರುವಿನ ಹಿಂದಿನ ಗೋಡೆಯಲ್ಲಿ ಬೂಷ್ಟು ಕಂಡರೆ, ಮನೆಯಲ್ಲಿ ತೇವ ಹೆಚ್ಚಾಗಿದೆ. ನಮ್ಮ ಮೊದಲ ಚಳಿಗಾಲದಲ್ಲಿ ಮಕ್ಕಳ ಕೋಣೆಯ ಗಾಜಿನ ನೀರನ್ನು ನಾವು ದಿನವೂ ಬಟ್ಟೆಯಿಂದ ಒರೆಸುತ್ತಿದ್ದೆವು. ಅದು ಗಾಳಿಯ ಕೊರತೆ ಎಂದು ತಿಳಿಯುವ ಹೊತ್ತಿಗೆ ಚೌಕಟ್ಟಿನ ಮರ ಕಪ್ಪಾಗಿತ್ತು.

ಗಾತ್ರವನ್ನು ಮನೆಯ ಚದರಡಿಯಿಂದ ಅಂದಾಜಿಸುವವರ ಮಾತನ್ನು ಒಪ್ಪಬೇಡಿ. ಸಿಎಸ್‌ಎ ಎಫ್326 ಎಂಬ ಕೆನಡಾದ ಮಾನದಂಡ ಕೋಣೆಗಳನ್ನು ಎಣಿಸುತ್ತದೆ: ದೊಡ್ಡ ಮಲಗುವ ಕೋಣೆಗೆ ಮತ್ತು ಬೇಸ್‌ಮೆಂಟಿಗೆ ಸೆಕೆಂಡಿಗೆ ತಲಾ 10 ಲೀಟರ್, ಉಳಿದ ಕೋಣೆಗಳಿಗೆ ತಲಾ 5 ಲೀಟರ್. ಮೂರು ಮಲಗುವ ಕೋಣೆ, ನಡುಮನೆ, ಊಟದ ಕೋಣೆ, ಅಡುಗೆಮನೆ, ಎರಡು ಸ್ನಾನಗೃಹ ಮತ್ತು ಬೇಸ್‌ಮೆಂಟ್ ಇರುವ ಮನೆಗೆ ಇದು ಸೆಕೆಂಡಿಗೆ 55 ಲೀಟರ್, ಎಂದರೆ ಸುಮಾರು 117 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಆಗುತ್ತದೆ. ಯಂತ್ರ ದಿನವಿಡೀ ನಿಧಾನವಾಗಿ ಓಡಬೇಕು, ಈ ಪೂರ್ಣ ವೇಗ ಸ್ನಾನ ಅಡುಗೆಗಳ ಹೊತ್ತಿಗೆ ಮೀಸಲಾಗಿರಬೇಕು.

ಮಾದರಿಗಳನ್ನು ಹೋಲಿಸುವಾಗ, ಹೊರಗೆ ಶೂನ್ಯ ಡಿಗ್ರಿ ಇದ್ದಾಗ ಶೇಕಡಾ ಎಷ್ಟು ಶಾಖ ಉಳಿಯುತ್ತದೆ ಎಂಬ ಅಂಕಿಯೊಂದನ್ನೇ ನೋಡಿದರೆ ಸಾಲದು. ಹೋಮ್ ವೆಂಟಿಲೇಟಿಂಗ್ ಇನ್‌ಸ್ಟಿಟ್ಯೂಟ್ ಪ್ರಮಾಣೀಕರಿಸಿದ ಪಟ್ಟಿಯಲ್ಲಿ ಮೈನಸ್ 25 ಡಿಗ್ರಿಯಲ್ಲಿ ಪರೀಕ್ಷಿಸಿದ ಫಲಿತಾಂಶವೂ ಇರುವ ಮಾದರಿಯನ್ನೇ ಪ್ರೇರಿ ಪ್ರಾಂತ್ಯದವರು (ಆಲ್ಬರ್ಟಾ, ಸಸ್ಕಾಚೆವನ್, ಮ್ಯಾನಿಟೋಬಾ) ಆರಿಸಬೇಕು. ಕಡು ಚಳಿಯಲ್ಲಿ ಕೋರ್‌ನೊಳಗೆ ಮಂಜುಗಟ್ಟುತ್ತದೆ; ಅದನ್ನು ಕರಗಿಸಲು ಹಲವು ಯಂತ್ರಗಳು ಹೊರಗಿನ ದಾರಿಯನ್ನು ಮುಚ್ಚಿ ಒಳಗಿನ ಗಾಳಿಯನ್ನೇ ಕೆಲವು ನಿಮಿಷ ಸುತ್ತಿಸುತ್ತವೆ. ಸ್ನಾನಗೃಹದ ಗಾಳಿಯನ್ನು ಎಳೆಯುವ ಯಂತ್ರ ಹೀಗೆ ಮಾಡಿದರೆ ಆ ಗಾಳಿಯೇ ಮಲಗುವ ಕೋಣೆಗೆ ಮರಳುತ್ತದೆ. ಆದ್ದರಿಂದ ಮಂಜು ಕರಗಿಸುವ ಕ್ರಮ ಯಾವುದೆಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಜೋಡಿಸುವ ಕೆಲಸ ಕೆಟ್ಟರೆ ಒಳ್ಳೆಯ ಯಂತ್ರವೂ ವ್ಯರ್ಥ. ಎಚ್‌ಆರ್‌ಎಐ ಎಂಬ ಕೆನಡಾದ ಹವಾನಿಯಂತ್ರಣ ಉದ್ಯಮದ ಸಂಸ್ಥೆಯಲ್ಲಿ ತರಬೇತಿ ಪಡೆದವರನ್ನೇ ಕರೆಸಿ, ಕೆಲಸ ಮುಗಿದ ಮೇಲೆ ಒಳಬರುವ ಮತ್ತು ಹೊರಹೋಗುವ ಗಾಳಿಯನ್ನು ಅಳೆದು ಸಮತೋಲನ ಮಾಡಿದ ದಾಖಲೆಯನ್ನು ಬರೆಸಿಕೊಳ್ಳಿ. ಬಟ್ಟೆ ಒಣಗಿಸುವ ಡ್ರೈಯರ್ ಕೊಳವೆಯನ್ನು ಇದಕ್ಕೆ ಎಂದಿಗೂ ಜೋಡಿಸಬಾರದು, ಏಕೆಂದರೆ ಅದರ ನೂಲಿನ ಪುಡಿ ಕೋರ್‌ಅನ್ನು ಮುಚ್ಚುತ್ತದೆ. ಒಲೆಯ ಮೇಲಿನ ಚಿಮಣಿಯೂ ಬೇರೆಯೇ ಕೊಳವೆಯಲ್ಲಿ ನೇರವಾಗಿ ಹೊರಹೋಗಬೇಕು. ಒಗ್ಗರಣೆಯ ಎಣ್ಣೆಹಬೆ ಕೋರ್‌ನಲ್ಲಿ ಜಿಡ್ಡುಗಟ್ಟಿದರೆ ತೊಳೆದು ತೆಗೆಯುವುದು ಬಹಳ ಕಷ್ಟ. ಹೊರಗೋಡೆಯಲ್ಲಿ ಗಾಳಿ ಒಳಬರುವ ಬಾಯಿ ಹೊರಹೋಗುವ ಬಾಯಿಯಿಂದ ಕನಿಷ್ಠ 6 ಅಡಿ ದೂರದಲ್ಲಿಯೂ, ಕಾರು ನಿಲ್ಲುವ ಜಾಗದಿಂದ ಆಚೆಯೂ, ಹಿಮ ಬಿದ್ದಾಗ ಮುಚ್ಚಿಹೋಗದಷ್ಟು ಎತ್ತರದಲ್ಲಿಯೂ ಇರಬೇಕು. ಕಾಂಡೊದಲ್ಲಿರುವವರು ಹೊರಗೋಡೆಯನ್ನು ಮುಟ್ಟುವ ಮೊದಲು ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆ ಪಡೆಯಬೇಕು.

ಹೊಸ ಮನೆ ಕೊಳ್ಳುವವರು ಒಪ್ಪಂದದಲ್ಲಿ ಈ ಯಂತ್ರ ಬಾಡಿಗೆಯದೋ ಸ್ವಂತದ್ದೋ ಎಂಬುದನ್ನು ಓದಿಯೇ ಸಹಿ ಹಾಕಿ. ಬಾಡಿಗೆಯಾದರೆ ತಿಂಗಳ ಕಂತು ವರ್ಷಗಟ್ಟಲೆ ನಡೆಯುತ್ತದೆ.

ಬೇಸಗೆ ಬಂದಾಗ ಎಚ್‌ಆರ್‌ವಿಯ ಗೋಡೆ ನಿಯಂತ್ರಕದಲ್ಲಿರುವ ತೇವದ ಮಟ್ಟ ಗೊತ್ತುಮಾಡುವ ಗುಂಡಿಯನ್ನು ಅತಿ ಹೆಚ್ಚಿನ ಅಂಕಿಗೆ ತಿರುಗಿಸಿ ನಿಷ್ಕ್ರಿಯಗೊಳಿಸಬೇಕು. ಇಲ್ಲವಾದರೆ ಮನೆಯಲ್ಲಿ ತೇವವಿದೆಯೆಂದು ಅದು ಬಿಡುವಿಲ್ಲದೆ ಓಡಿ, ಹೊರಗಿನ ಇನ್ನಷ್ಟು ತೇವದ ಗಾಳಿಯನ್ನು ಒಳಗೆ ತುಂಬುತ್ತದೆ. ಫಿಲ್ಟರನ್ನು ಸುಮಾರು ಮೂರು ತಿಂಗಳಿಗೊಮ್ಮೆ, ಕೋರ್‌ಅನ್ನು ವರ್ಷಕ್ಕೊಮ್ಮೆ ಕೈಪಿಡಿಯಲ್ಲಿ ಹೇಳಿದಂತೆ ಶುಚಿಮಾಡಿ. ಇಆರ್‌ವಿಯ ಕೋರ್ ಕೆಲವು ಮಾದರಿಗಳಲ್ಲಿ ನೀರು ತಾಗಿದರೆ ಕೆಡುತ್ತದೆ, ಅದಕ್ಕೆ ವ್ಯಾಕ್ಯೂಮ್ ಸಾಕು. ದೊಡ್ಡ ಹಿಮಪಾತದ ಮರುದಿನ ಅಂಗಳದ ಹಿಮ ಎತ್ತುವಾಗ ಮನೆಯ ಬದಿಗೂ ಹೋಗಿ, ಗಾಳಿ ಒಳಬರುವ ಬಾಯಿಯ ಜಾಲರಿಗೆ ಕಟ್ಟಿದ ಹಿಮವನ್ನು ಮೃದುವಾದ ಪೊರಕೆಯಿಂದ ಉದುರಿಸಿ ಬನ್ನಿ.