ಬಾಟನಿ ಜೊತೆ ಅರ್ಥಶಾಸ್ತ್ರ ಮೈನರ್: ನಾನು ಹೊಂದಿಸಿಕೊಂಡ ಬಗೆ

ಮಡಿಕೇರಿಯಲ್ಲಿ ಬಿಎಸ್ಸಿ ಓದುತ್ತಾ ಅರ್ಥಶಾಸ್ತ್ರ ಮೈನರ್ (ಮುಖ್ಯ ವಿಷಯದ ಜೊತೆ ಓದುವ ಎರಡನೇ ವಿಷಯ) ತೆಗೆದುಕೊಳ್ಳಲು ಹೊರಟಾಗ ತೊಡಕಾದದ್ದು ಸಂಖ್ಯಾಶಾಸ್ತ್ರ (ಸ್ಟಾಟಿಸ್ಟಿಕ್ಸ್). ಆ ಕ್ಲಾಸು ಬಾಟನಿ ಪ್ರಾಕ್ಟಿಕಲ್ ಹೊತ್ತಿಗೇ ಬೀಳುತ್ತಿತ್ತು. ಆಗ ಪ್ಲಾನನ್ನು ಕೊನೆಯಿಂದ ಹಿಂದಕ್ಕೆ ಬರೆದೆ. ಕೊನೆಗೆ ಬರುವ ಎಕನಾಮೆಟ್ರಿಕ್ಸ್, ಅಂದರೆ ಅಂಕಿಅಂಶ ಬಳಸಿ ಆರ್ಥಿಕ ವಿಷಯಗಳನ್ನು ಅಳೆಯುವ ಪೇಪರ್, ಅರ್ಥವಾಗಬೇಕಾದರೆ ಸಂಖ್ಯಾಶಾಸ್ತ್ರ ಮೊದಲೇ ಮುಗಿದಿರಬೇಕು, ಅಲ್ವಾ? ಹಾಗಾಗಿ ಮೊದಲು ಮೈಕ್ರೋ (ಒಬ್ಬೊಬ್ಬ ಗ್ರಾಹಕ, ಸಂಸ್ಥೆಯ ಮಟ್ಟದ ಅರ್ಥಶಾಸ್ತ್ರ), ಮುಂದಿನ ಸೆಮಿಸ್ಟರ್‌ಗೆ ಮ್ಯಾಕ್ರೋ (ಇಡೀ ದೇಶದ ಮಟ್ಟದ್ದು) ಮತ್ತು ಸಂಖ್ಯಾಶಾಸ್ತ್ರ. ಮೇಡಂ ಹತ್ತಿರ ಕೇಳಿ ಪ್ರಾಕ್ಟಿಕಲ್ ಬ್ಯಾಚ್ ಬದಲಿಸಿಕೊಂಡೆ. ಸರಿಹೋಯಿತು.

ಐಚ್ಛಿಕ ಪೇಪರ್ ಆರಿಸಲು ಜಾಸ್ತಿ ಯೋಚಿಸಲಿಲ್ಲ: ಕೃಷಿ ಅರ್ಥಶಾಸ್ತ್ರ. ನಮ್ಮ ತೋಟದ ರೋಬಸ್ಟಾ ಕಾಫಿಯ ಬೆಲೆ ಲಂಡನ್ ಮಾರುಕಟ್ಟೆ ನೋಡಿ ಏರಿಳಿಯುತ್ತದೆ. ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಕಾಫಿ ಬೋರ್ಡೇ ಮಾರುತ್ತಿದ್ದ ಪೂಲ್ ಪದ್ಧತಿ 1996ಕ್ಕೆ ಪೂರ್ತಿ ಮುಗಿದ ಮೇಲೆ ಮಾರುವ ಹೊಣೆ ಬೆಳೆಗಾರರದ್ದೇ. ಕೊಡಗಿನವರು ಇದನ್ನು ಓದಲೇಬೇಕು.

ಕ್ಯಾಲ್ಕುಲಸ್ ಮರೆತಿದ್ದರೆ ರಜೆಯಲ್ಲೇ ಡಿಫರೆನ್ಸಿಯೇಷನ್ ನೋಡಿಕೊಳ್ಳಿ; ಮಾರ್ಜಿನಲ್ ಕಾಸ್ಟ್ (ಇನ್ನೊಂದು ಘಟಕ ಹೆಚ್ಚು ತಯಾರಿಸಲು ತಗಲುವ ಖರ್ಚು) ಪಾಠಕ್ಕೆ ಬೇಕಾಗುತ್ತದೆ.